ಅಪರೂಪದ ಗಲ್ ಕಂಡಾಗ ಮೊದಲು ವಯಸ್ಸು, ಆಮೇಲೆ ಹೆಸರು

ಚಳಿಗಾಲದ ಗಲ್ (ಕಡಲಹಕ್ಕಿ) ಗುಂಪಿನಲ್ಲಿ ಬೇರೆ ಥರದ್ದು ಕಂಡರೆ ಮೊದಲು ಅದರ ವಯಸ್ಸು ಅಂದಾಜು ಮಾಡಿ. ದೊಡ್ಡ ಗಲ್‌ಗಳಿಗೆ ಪ್ರೌಢ ಗರಿ ಬರಲು ಸುಮಾರು 4 ವರ್ಷ ಬೇಕು. ಒಂದೇ ಜಾತಿಯ ಮರಿ ಮತ್ತು ಪ್ರೌಢ ಹಕ್ಕಿ ಎರಡು ಜಾತಿಗಳಂತೆ ಕಾಣುತ್ತವೆ, ಹೆಚ್ಚಿನ ಗೊಂದಲ ಹುಟ್ಟುವುದೇ ಇಲ್ಲಿ.

ರೆಕ್ಕೆಯ ತುದಿಯಲ್ಲಿ ಕಪ್ಪೇ ಇಲ್ಲದ ತಿಳಿಬಣ್ಣದ ಎಳೆಯ ಹಕ್ಕಿ ಸಿಕ್ಕರೆ ಸ್ಕೋಪ್‌ನಲ್ಲಿ (ದೂರದರ್ಶಕದಲ್ಲಿ) ಕೊಕ್ಕು ನೋಡಿ. ಮೊದಲ ಚಳಿಗಾಲದ ಗ್ಲಾಕಸ್ ಗಲ್‌ಗೆ ದಪ್ಪನೆಯ ಗುಲಾಬಿ ಕೊಕ್ಕು, ತುದಿ ಮಾತ್ರ ಮಸಿಯಲ್ಲಿ ಅದ್ದಿ ತೆಗೆದಂತೆ ಕಪ್ಪು. ಐಸ್‌ಲ್ಯಾಂಡ್ ಗಲ್‌ಗೆ ತಲೆ ದುಂಡು, ಕೊಕ್ಕು ಚಿಕ್ಕದು, ಅದರಲ್ಲಿ ಕಪ್ಪೂ ಹೆಚ್ಚು. ಕೂತಾಗ ರೆಕ್ಕೆ ಬಾಲ ದಾಟಿ ಉದ್ದಕ್ಕೆ ಚಾಚಿರುತ್ತದೆ. ಗ್ಲಾಕಸ್‌ನಲ್ಲಿ ಆ ಚಾಚು ಗಿಡ್ಡ.

ವರ್ಣಹೀನತೆಯ, ಅಂದರೆ ಗರಿಗೆ ಬಣ್ಣ ಬಾರದ, ಹೆರ್ರಿಂಗ್ ಗಲ್ ಈ ಎರಡು ಜಾತಿಗಳಂತೆ ಕಂಡು ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ಮೈಯೆಲ್ಲ ಬಿಳಿಯಾಗಿದ್ದು ಗರಿಗಳಲ್ಲಿ ಸಣ್ಣ ಕಂದು ಗೆರೆಗಳು ಇಲ್ಲದಿದ್ದರೆ, ಕೊಕ್ಕು ಮಾಮೂಲಿ ಹೆರ್ರಿಂಗ್ ಮರಿಯದೇ ಆಗಿದ್ದರೆ, ಅದು ಹೆರ್ರಿಂಗ್ ಗಲ್ಲೇ ಎಂದು ಅನುಮಾನಪಡಿ. ಚಳಿಗಾಲದ ಕೊನೆಗೆ ಬಿಸಿಲಿಗೆ ಮಾಸಿದ ಗರಿಗಳೂ ಹೀಗೇ ಮೋಸ ಮಾಡುತ್ತವೆ.

ಬೆನ್ನಿನ ಬೂದುಬಣ್ಣ ಬೆಳಕಿನ ಕೋನಕ್ಕೆ ತಕ್ಕಂತೆ ಬದಲಾಗುತ್ತದೆ. ಮೋಡ ಮುಸುಕಿದ ದಿನವೇ ಒಳ್ಳೆಯದು. ಅದೇ ದಿಕ್ಕಿಗೆ ಮುಖ ಮಾಡಿದ ಪಕ್ಕದ ಹಕ್ಕಿಯ ಜೊತೆಗೇ ಹೋಲಿಸಿ.

ಫೋಟೊ ತೆಗೆಯುವಾಗ ಬಿಳಿ ಸುಟ್ಟುಹೋಗದಂತೆ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಕೂತ ಚಿತ್ರ ಒಂದೇ ಸಾಲದು, ಹಾರುವಾಗ ಬಿಚ್ಚಿದ ರೆಕ್ಕೆಯ ಮೇಲ್ಭಾಗ ಮತ್ತು ಬಾಲದ ಪಟ್ಟಿ ಖಂಡಿತ ಬೇಕು. ಮಿಶ್ರತಳಿಗಳೂ ಇರುವುದರಿಂದ ಒಂದೇ ಲಕ್ಷಣ ನಂಬಿ ಹೆಸರಿಡಬೇಡಿ.