ಸ್ಪ್ಯಾನಿಷ್‌ನಲ್ಲಿ ‘ಇದ್ದರೆ ತಿನ್ನುತ್ತಿದ್ದೆ’ ಎನ್ನುವುದು ಹೇಗೆ?

ಎದುರಿಗೆ ದೋಸೆ ಇಟ್ಟರೆ ‘ಹಸಿವಿದ್ದರೆ ತಿನ್ನುತ್ತಿದ್ದೆ’ ಅನ್ನುತ್ತೇವೆ. ‘ಚಿಕ್ಕಂದಿನಲ್ಲಿ ದಿನಾ ತಿನ್ನುತ್ತಿದ್ದೆ’ ಎಂದೂ ಅನ್ನುತ್ತೇವೆ. ಕನ್ನಡಕ್ಕೆ ಎರಡು ಕಡೆಗೂ ಒಂದೇ ರೂಪ ಸಾಕು, ಸ್ಪ್ಯಾನಿಷ್‌ಗೆ ಸಾಲದು. ನನ್ನ ಸಂಜೆ ತರಗತಿಯಲ್ಲಿ ಕನ್ನಡದವರು ಎಡವುವುದು ಇಲ್ಲೇ.

ಮೊದಲು ಮೂಲ ಕ್ರಿಯಾಪದ ಬರೆದುಕೊಳ್ಳಿ: ಅಬ್ಲಾರ್ ಅಂದರೆ ಮಾತಾಡು, ಕೊಮೇರ್ ಅಂದರೆ ತಿನ್ನು, ಬಿಬೀರ್ ಅಂದರೆ ವಾಸಿಸು.

ಅದರಿಂದ ಏನನ್ನೂ ಕತ್ತರಿಸಬೇಡಿ. ವರ್ತಮಾನ ಕಾಲ ಕಲಿಯುವಾಗ ಬಾಲದ ಆರ್, ಏರ್, ಈರ್ ತೆಗೆದು ತೆಗೆದು ಕೈಗೆ ಅದೇ ಅಭ್ಯಾಸವಾಗಿರುತ್ತದೆ. ಇಲ್ಲೂ ಹಾಗೇ ಬಾಲ ತೆಗೆದು, ಈ ರೂಪದ ಪ್ರತ್ಯಯ ‘ಈಆ’ ಸೇರಿಸಿದರೆ ಕೊಮೇರ್ ಹೋಗಿ ‘ಕೊಮೀಆ’ ಆಗುತ್ತದೆ. ಅದೂ ಸರಿಯಾದ ಪದವೇ, ಆದರೆ ಅರ್ಥ ‘ದಿನಾ ತಿನ್ನುತ್ತಿದ್ದೆ’. ನಮಗೆ ಬೇಕಾದದ್ದು ‘ಕೊಮೆರೀಆ’. ‘ದುಡ್ಡಿದ್ದರೆ ಮ್ಯಾಡ್ರಿಡ್‌ನಲ್ಲಿ ವಾಸ ಮಾಡುತ್ತಿದ್ದೆ’ ಎನ್ನಲು ಹೊರಟ ಒಬ್ಬ ವಿದ್ಯಾರ್ಥಿನಿ ‘ಬಿಬಿರೀಆ’ ಬದಲು ‘ಬಿಬೀಆ ಎನ್ ಮದ್ರೀದ್’ ಎಂದು ಬರೆದಿದ್ದರು. ಸ್ಪೇನ್ ನೋಡಿಯೇ ಇರದವರು ಹಿಂದೆ ಅಲ್ಲಿ ವಾಸವಿದ್ದಂತಾಯಿತು! ನಡುವಿನ ಆ ‘ರ’ಕಾರವೇ ಜೀವ. ಅಬ್ಲಾರ್ ಗುಂಪಿನಲ್ಲಿ ಈ ಗೋಜಲಿಲ್ಲ, ಅಲ್ಲಿ ‘ಮಾತಾಡುತ್ತಿದ್ದೆ’ಗೆ ‘ಅಬ್ಲಾಬಾ’ ಎಂಬ ಬೇರೆಯದೇ ರೂಪವಿದೆ.

ಮೂಲ ಪದ ಇಡಿಯಾಗಿ ಉಳಿಯಲು ಕಾರಣವಿದೆ. ಹಿಂದೆ ‘ಅಬೇರ್’ ಎಂಬ ಸಹಾಯಕ ಕ್ರಿಯಾಪದದ ಭೂತರೂಪ ‘ಅಬೀಆ’ ಅದರ ಬೆನ್ನಿಗೆ ಬರುತ್ತಿತ್ತು. ಕಾಲಕ್ರಮೇಣ ಸವೆದು, ಬರೀ ‘ಈಆ’ ಆಗಿ ಅಂಟಿಕೊಂಡಿತು.

ಈಗ ಪ್ರತ್ಯಯ ಸೇರಿಸಿ: ನಾನು ಈಆ, ನೀನು ಈಆಸ್, ಅವನು-ಅವಳು-ತಾವು ಈಆ, ನಾವು ಈಆಮೊಸ್, ಅವರು ಈಆನ್. ಮೂರು ಗುಂಪಿಗೂ ಇವೇ. ಮೂರಕ್ಕೂ ಬೇರೆ ಬೇರೆ ಕೋಷ್ಟಕ ಹಾಕಿದ ಲ್ಯಾಮಿನೇಟ್ ಚಾರ್ಟ್ ಮಾರಾಟಕ್ಕಿವೆ, ದುಡ್ಡು ದಂಡ ಮಾಡಬೇಡಿ. ‘ನೀವೆಲ್ಲ’ ಎನ್ನಲು ಸ್ಪೇನ್‌ನಲ್ಲಿ ಈಆಯಿಸ್ ಬಳಸುತ್ತಾರೆ. ಲ್ಯಾಟಿನ್ ಅಮೆರಿಕದಲ್ಲಿ ಅದಕ್ಕೂ ಈಆನ್ ಸಾಕು. ನಾನು–ಅವನು ಒಂದೇ ರೂಪವಾದ್ದರಿಂದ, ಗೊಂದಲವಾಗುವ ಕಡೆ ಯೊ, ಏಲ್ ಎಂದು ಸರ್ವನಾಮ ಸೇರಿಸಿ.

ಬರೆಯುವಾಗ ‘ಈ’ ಧ್ವನಿಯ ಅಕ್ಷರದ ಮೇಲಿನ ಗೀಟು ಆರು ರೂಪಗಳಲ್ಲೂ ಇರಲೇಬೇಕು. ಗ್ರಾಸ್ಯಾಸ್ (ಧನ್ಯವಾದ) ಪದದಲ್ಲೂ ಅದೇ ಎರಡು ಸ್ವರಾಕ್ಷರಗಳಿವೆ, ಗೀಟಿಲ್ಲ. ಅದಕ್ಕೇ ಅಲ್ಲಿ ‘ಯಾ’ ಎಂದು ಕೂಡಿಕೊಂಡಿವೆ. ಗೀಟು ಬಿಟ್ಟರೂ ಸರಿ ಎಂದು ಅಂಕ ಕೊಡುವ ಆ್ಯಪ್‌ಗಳಲ್ಲಿ ಅಭ್ಯಾಸ ಮಾಡಲೇಬೇಡಿ. ಕಾಗದದ ಮೇಲೆ ಪೆನ್ನಿನಲ್ಲಿ ಬರೆಯಿರಿ, ‘ರೀ’ ಮೇಲೆ ಒತ್ತು ಕೊಟ್ಟು ಬಾಯಿಬಿಟ್ಟು ಹೇಳಿ.

ತೆನೇರ್ (ಹೊಂದಿರು), ಅಸೇರ್ (ಮಾಡು), ದೆಸೀರ್ (ಹೇಳು) ಮುಂತಾದ ಹನ್ನೆರಡರಷ್ಟು ಕ್ರಿಯಾಪದಗಳಲ್ಲಿ ಬುಡ ಬದಲಾಗುತ್ತದೆ: ತೆಂದ್ರೀಆ, ಅರೀಆ, ದಿರೀಆ. ಬಾಲ ಮಾತ್ರ ಅದೇ. ಅವನ್ನು ಮುಂದಿನ ವಾರಕ್ಕಿಡಿ. ಈ ವಾರ ‘ಮೆ ಗುಸ್ತರೀಆ ಉನ್ ಕಫೆ’ ಎಂದು ಕಾಫಿ ಕೇಳುವುದನ್ನು ಕಲಿಯಿರಿ. ಗುಸ್ತಾರ್ (ಇಷ್ಟವಾಗು) ಪೂರ್ತಿ ಉಳಿದಿದೆಯೇ, ನೋಡಿಕೊಳ್ಳಿ.