ಮಳೆಗಾಲದ ಮಡಿಕೇರಿ: ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವುದು ಹೇಗೆ?

ಬೆಂಗಳೂರಿನ ಮಳೆ ನಮಗೆಲ್ಲ ಗೊತ್ತಿರುವುದೇ. ಸಂಜೆ ಒಂದು ಗಂಟೆ ಸುರಿಯುತ್ತದೆ, ಅಂಡರ್‌ಪಾಸ್ ತುಂಬಿಸುತ್ತದೆ, ಬೆಳಗ್ಗೆ ನೋಡಿದರೆ ಬಿಸಿಲು. ಕೊಡಗಿನ ಮಳೆಯ ರೀತಿಯೇ ಬೇರೆ. ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಆ ಮಳೆಯನ್ನು ಮಕ್ಕಳು ಒಮ್ಮೆಯಾದರೂ ನೋಡಬೇಕು, ಹಿರಿಯರಿಗೂ ತೋರಿಸಬೇಕು. ಆದರೆ ಸಣ್ಣ ಮಕ್ಕಳು, ಮಂಡಿನೋವಿನ ಅಜ್ಜಿ, ಬಿಪಿ ಮಾತ್ರೆಯ ತಾತ ಎಲ್ಲರೂ ಜೊತೆಗಿರುವಾಗ ಸುಮ್ನೆ ಕಾರು ಹತ್ತಿ ಹೊರಟರೆ ಆಗುವುದಿಲ್ಲ.

ಪ್ಲಾನ್ ಮಾಡುವ ಮೊದಲೇ ಒಂದು ವಿಷಯ ತಿಳಿದಿರಲಿ. ಕೊಡಗಿನಲ್ಲಿ ಎಲ್ಲ ಕಡೆ ಒಂದೇ ಸಮ ಮಳೆಯಿಲ್ಲ. ಅರಬ್ಬಿ ಸಮುದ್ರದ ಕಡೆಯಿಂದ ಬರುವ ಮುಂಗಾರು ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗಿ ಅಲ್ಲೇ ನೀರು ಸುರಿಸುತ್ತದೆ. ಅದಕ್ಕೇ ಘಟ್ಟದ ಅಂಚಿನ ಭಾಗಮಂಡಲ, ತಲಕಾವೇರಿಯಲ್ಲಿ ವಿಪರೀತ ಮಳೆ. ಮಡಿಕೇರಿಯಲ್ಲಿ ಅದಕ್ಕಿಂತ ಕಡಿಮೆ. ಅಲ್ಲಿಂದ ಸುಮಾರು 30 ಕಿಲೋಮೀಟರ್ ಪೂರ್ವಕ್ಕೆ ಇಳಿದು ಕುಶಾಲನಗರಕ್ಕೆ ಬಂದರೆ ಇನ್ನೂ ಬಹಳ ಕಡಿಮೆ. ಮಡಿಕೇರಿಯಲ್ಲಿ ಛತ್ರಿ ಹಾರಿಹೋಗುವಂಥ ಗಾಳಿಮಳೆ ಇರುವಾಗ ಕುಶಾಲನಗರದ ಪಕ್ಕದ ಬೈಲುಕುಪ್ಪೆಯಲ್ಲಿ ಬರೀ ಮೋಡ ಇರುವುದುಂಟು.

ಹಾಗಾಗಿ ನನ್ನ ಲೆಕ್ಕ ಇಷ್ಟೇ: ಮಳೆ ಇಳಿದರೆ ಪಶ್ಚಿಮಕ್ಕೆ ಹತ್ತಿ, ಮಳೆ ಏರಿದರೆ ಪೂರ್ವಕ್ಕೆ ಇಳಿಯಿರಿ. ಯಾವ ದಿನ ಯಾವ ಜಾಗ ಎಂದು ಮನೆಯಲ್ಲೇ ಬರೆದಿಟ್ಟುಕೊಂಡು ಹೋಗಬೇಡಿ. ಅಲ್ಲಿ ಬೆಳಗ್ಗೆ ಎದ್ದು, ಆಕಾಶ ನೋಡಿ, ಉಳಿದುಕೊಂಡ ಜಾಗದವರನ್ನು ಕೇಳಿ ತೀರ್ಮಾನಿಸಿ.

ದಿನ ಗೊತ್ತು ಮಾಡುವುದು

ಜುಲೈ ತಿಂಗಳು ಮಳೆಯ ಜೋರು ಕಾಲ. ಗಟ್ಟಿಮುಟ್ಟಾದ ಗೆಳೆಯರ ಗುಂಪಾದರೆ ಹೋಗಬಹುದು. ಸಂಸಾರ ಸಮೇತ ಹೋಗುವವರಿಗೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ವಾಸಿ. ಜಲಪಾತಗಳು ತುಂಬಿರುತ್ತವೆ, ಗದ್ದೆ ಹಸಿರಾಗಿರುತ್ತದೆ, ನಡುನಡುವೆ ಬಿಸಿಲೂ ಇಣುಕುತ್ತದೆ. ಸ್ವಾತಂತ್ರ್ಯ ದಿನಾಚರಣೆಯ ಆಸುಪಾಸಿನ ವಾರಾಂತ್ಯ ಮಾತ್ರ ಬೇಡ. ರೂಮ್ ಬಾಡಿಗೆ ಏರುತ್ತದೆ, ಅಬ್ಬಿ ಫಾಲ್ಸ್ ರಸ್ತೆಯಲ್ಲಿ ಕಾರಿನೊಳಗೇ ಅರ್ಧ ದಿನ ಹೋಗುತ್ತದೆ.

ಹೊರಡುವ ಎರಡು ದಿನ ಮೊದಲಿನಿಂದ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುತ್ತಿರಿ. ಅವರ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ವಿಪರೀತ ಮಳೆ. ಯೆಲ್ಲೋ ಅಲರ್ಟ್ ಇದ್ದರೆ ಹುಷಾರಾಗಿ ಹೋಗಿ. ಆರೆಂಜ್ ಇದ್ದರೆ ಮಕ್ಕಳು, ಹಿರಿಯರನ್ನು ಕರೆದೊಯ್ಯಬೇಡಿ. ರೆಡ್ ಇದ್ದರೆ ಯೋಚನೆಯನ್ನೇ ಬಿಡಿ. ಇದಕ್ಕಿಂತ ಸುಲಭದ ಗುರುತು ಇನ್ನೊಂದಿದೆ. ಕೊಡಗಿನ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಟ್ಟಿದ್ದಾರಾ ನೋಡಿ. ಮಳೆಯಲ್ಲೇ ಹುಟ್ಟಿ ಬೆಳೆದ ಮಕ್ಕಳೇ ಮನೆಯಲ್ಲಿರಲಿ ಎಂದಿರುವಾಗ ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ಸರಿಯಲ್ಲ, ಅಲ್ವಾ?

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳೇ ಜರಿದು ಊರುಗಳು ನೆಲಸಮವಾದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಜಿಲ್ಲಾಡಳಿತ ಜಲಪಾತ, ಬೆಟ್ಟಗಳಿಗೆ ಪ್ರವಾಸಿಗರು ಬರಬೇಡಿ ಎಂದು ಹೇಳಿದಾಗ ಅದರ ಹಿಂದೆ ಇಂಥ ನೆನಪುಗಳಿರುತ್ತವೆ.

ರೂಮ್ ಹಿಡಿಯುವಾಗ

ಬುಕ್ ಮಾಡುವ ಮುನ್ನ ಒಮ್ಮೆ ಫೋನ್ ಮಾಡಿ ಮಾತಾಡಿ. ಕಾರು ಮನೆ ಬಾಗಿಲವರೆಗೂ ಬರುತ್ತದೆಯೇ, ಕೊನೆಯ ತುಂಡು ಮಣ್ಣಿನ ರಸ್ತೆಯೇ ಎಂದು ಕೇಳಿ. ಕರೆಂಟ್ ಹೋದರೆ ಬಿಸಿನೀರಿಗೆ ಏನು ವ್ಯವಸ್ಥೆ ಎಂದು ಕೇಳಿ. ಗಾಳಿಗೆ ಮರ ಬಿದ್ದು ತಂತಿ ತುಂಡಾದರೆ ತೋಟದ ಮನೆಗಳಿಗೆ ಒಂದೆರಡು ದಿನ ಕರೆಂಟ್ ಬಾರದಿರುವುದೂ ಉಂಟು. ಸೌದೆ ಒಲೆಯ ಹಂಡೆ ಇರುವ ಮನೆ ಸಿಕ್ಕರೆ ಬಿಡಬೇಡಿ. ಮಳೆ ಜಾಸ್ತಿಯಾಗಿ ಬರಲು ಆಗದಿದ್ದರೆ ಮುಂಗಡದ ಗತಿ ಏನು ಎಂಬುದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಇನ್ನೊಂದು ಮುಖ್ಯ ಪ್ರಶ್ನೆ: ಮನೆಯ ಹಿಂದೆ ಬರೆ ಇದೆಯೇ? ಗುಡ್ಡವನ್ನು ಕಡಿದು ನೆಟ್ಟಗೆ ನಿಲ್ಲಿಸಿದ ಮಣ್ಣಿನ ಗೋಡೆಗೆ ಅಲ್ಲಿ ಬರೆ ಎನ್ನುತ್ತಾರೆ. ಕಣಿವೆಯ ನೋಟ ಸಿಗಲೆಂದು ಹಾಗೆ ಗುಡ್ಡ ಕಡಿದು ಕಟ್ಟಿದ ಕಟ್ಟಡಗಳು ಬೇಕಾದಷ್ಟಿವೆ. ಫೋಟೊದಲ್ಲಿ ಚೆನ್ನಾಗಿಯೇ ಕಾಣುತ್ತವೆ. ಮಳೆಗಾಲದಲ್ಲಿ ಅಂಥ ಕಡೆ ಮಲಗಬೇಡಿ. ನೋಂದಣಿ ಇರುವ ಹೋಮ್‌ಸ್ಟೇ ಅಥವಾ ಪೇಟೆಯೊಳಗಿನ ಲಾಡ್ಜ್ ಒಳ್ಳೆಯದು. ಹಿರಿಯರಿದ್ದರೆ ಪೇಟೆಯೇ ಸರಿ. ಮೆಡಿಕಲ್ ಶಾಪ್, ಆಸ್ಪತ್ರೆ ಎಲ್ಲ ಹತ್ತಿರವಿರುತ್ತದೆ.

ಬ್ಯಾಗ್ ತುಂಬುವಾಗ

ಜುಲೈನಲ್ಲಿ ಮಡಿಕೇರಿಯಲ್ಲಿ ಒದ್ದೆಯಾದ ಬಟ್ಟೆ ನೀವು ವಾಪಸ್ ಬರುವವರೆಗೂ ಒಣಗುವುದಿಲ್ಲ. ಜೀನ್ಸ್ ಮನೆಯಲ್ಲೇ ಬಿಡಿ. ಬೇಗ ಒಣಗುವ ತೆಳು ಪ್ಯಾಂಟು, ಟ್ರ್ಯಾಕ್ ಸೂಟು ಸಾಕು. ಮಕ್ಕಳಿಗೆ ದಿನಕ್ಕೆ ಎರಡು ಜೊತೆ, ಕಾಲುಚೀಲ ಮೂರು ಜೊತೆ. ಛತ್ರಿ ಪೇಟೆಯಲ್ಲಿ ನಡೆಯಲು ಸಾಕು, ಜಲಪಾತದ ಹತ್ತಿರ ರೈನ್‌ಕೋಟೇ ಬೇಕು. ಸವೆದ ಹವಾಯಿ ಚಪ್ಪಲಿಯಲ್ಲಿ ಪಾಚಿ ಹಿಡಿದ ಮೆಟ್ಟಿಲು ಇಳಿಯುವುದು ಅಪಾಯ. ಹಿಂದೆ ಪಟ್ಟಿ ಇರುವ, ಅಡಿಯಲ್ಲಿ ಹಿಡಿತವಿರುವ ಸ್ಯಾಂಡಲ್ ಹಾಕಿಸಿ.

ಹಳೆಯ ಪೇಪರ್ ಒಂದು ಕಟ್ಟು ಇಟ್ಟುಕೊಳ್ಳಿ. ಒದ್ದೆ ಶೂ ಒಳಗೆ ಪೇಪರ್ ಉಂಡೆ ಮಾಡಿ ತುರುಕಿ ಇಡಿ, ಒಂದು ಗಂಟೆ ಬಿಟ್ಟು ತೆಗೆದು ಬೇರೆ ತುರುಕಿ. ಬೆಳಗ್ಗೆ ಕಾಲಿಡುವಷ್ಟಾದರೂ ಒಣಗಿರುತ್ತದೆ. ಬಟ್ಟೆ ಒಣಹಾಕಲು ಹಗ್ಗ, ಕ್ಲಿಪ್ಪು, ಟಾರ್ಚು, ಪವರ್ ಬ್ಯಾಂಕ್ ಇರಲಿ. ಹಿರಿಯರ ಮಾತ್ರೆ ಎರಡು ದಿನದ್ದು ಜಾಸ್ತಿಯೇ ಇರಲಿ. ರಸ್ತೆ ಬಂದ್ ಆದರೆ ಒಂದು ರಾತ್ರಿ ಹೆಚ್ಚು ಉಳಿಯಬೇಕಾಗಬಹುದು. ನೆಟ್‌ವರ್ಕ್ ಹೋದರೆ ಫೋನ್‌ಪೇ, ಗೂಗಲ್‌ಪೇ ಕೆಲಸ ಮಾಡುವುದಿಲ್ಲ, ಕೈಯಲ್ಲಿ ನಗದು ಇರಲಿ. ಮ್ಯಾಪ್ ಅನ್ನು ಬೆಂಗಳೂರಿನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಹೊರಡುವುದು

ಮಡಿಕೇರಿ ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್. ಕೊಡಗಿಗೆ ರೈಲಿಲ್ಲ. ಮೈಸೂರುವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ ಹಿಡಿಯಬಹುದು. ಅಥವಾ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ನೇರ ಬಸ್ ಹಿಡಿಯಿರಿ. ಹೆಂಗಸರಿಗೆ ವೇಗದೂತ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ ಉಚಿತ, ಆಧಾರ್ ಕಾರ್ಡ್ ಮರೆಯಬೇಡಿ. ರಾಜಹಂಸ, ಐರಾವತಕ್ಕೆ ಅದು ಇಲ್ಲ. ರಾತ್ರಿ ಬಸ್ ಹತ್ತಿದರೆ ಬೆಳಕು ಹರಿಯುವ ಮೊದಲೇ ಮಳೆಯಲ್ಲಿ ಇಳಿಯಬೇಕು. ರೂಮ್ ಸಿಗುವುದು ಮಧ್ಯಾಹ್ನ. ಮಕ್ಕಳನ್ನು ಕಟ್ಟಿಕೊಂಡು ಅಷ್ಟು ಹೊತ್ತು ಎಲ್ಲಿ ಕೂರುತ್ತೀರಿ? ಹಗಲು ಬಸ್ಸೇ ಮೇಲು.

ಕಾರಿನಲ್ಲಾದರೆ ಬೆಳಗ್ಗೆ ಐದಕ್ಕೆ ಕೆಂಗೇರಿ ದಾಟಿರಬೇಕು. ಹಿಂದಿನ ದಿನವೇ ಟೈರು, ಬ್ರೇಕು, ವೈಪರ್ ರಬ್ಬರು ನೋಡಿಸಿ. ಫಾಸ್ಟ್ಯಾಗ್‌ನಲ್ಲಿ ಹಣವಿರಲಿ. ಹೊಸ ಹೆದ್ದಾರಿ ಬಿಡದಿ, ಮದ್ದೂರುಗಳನ್ನು ಪಕ್ಕಕ್ಕೆ ಸರಿಸಿ ಹೋಗುತ್ತದೆ. ತಟ್ಟೆ ಇಡ್ಲಿ, ಮದ್ದೂರು ವಡೆ ಬೇಕೆಂದರೆ ಹಳೆ ರಸ್ತೆಗೆ ಇಳಿಯಬೇಕು. ಇಳಿಯಿರಿ, ಅಷ್ಟು ಸಮಯ ಕೊಡಬಹುದು. ಮೈಸೂರು ಪೇಟೆಯೊಳಗೆ ಹೋಗದೆ ಇಲವಾಲದ ಕಡೆಗೆ ತಿರುಗಿ, ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆ, ಕುಶಾಲನಗರ.

ಕುಶಾಲನಗರ ದಾಟಿದರೆ ಆನೆಕಾಡು. ಹೆಸರೇ ಹೇಳುವಂತೆ ಅಲ್ಲಿ ಗಾಡಿ ನಿಲ್ಲಿಸಿ ಇಳಿಯುವ ಹಾಗಿಲ್ಲ. ಸುಂಟಿಕೊಪ್ಪದಿಂದ ಮುಂದೆ ತಿರುವು ಜಾಸ್ತಿ. ವಾಂತಿ ಆಗುವವರಿಗೆ ಮಾತ್ರೆಯನ್ನು ತಿರುವು ಶುರುವಾದ ಮೇಲೆ ಕೊಟ್ಟರೆ ಉಪಯೋಗವಿಲ್ಲ, ಅರ್ಧ ಗಂಟೆ ಮೊದಲೇ ಕೊಡಬೇಕು. ಮಕ್ಕಳಿಗೆ ಯಾವ ಮಾತ್ರೆ, ಎಷ್ಟು ಎಂದು ನಿಮ್ಮ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಮಂಜು ಕವಿದರೆ ಹೈಬೀಮ್ ಹಾಕಬೇಡಿ, ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಲೋ ಬೀಮ್, ಫಾಗ್ ಲ್ಯಾಂಪ್ ಸಾಕು. ಗಾಜಿನ ಒಳಗೆ ಹಬೆ ಕಟ್ಟಿದರೆ ಬಟ್ಟೆಯಲ್ಲಿ ಒರೆಸುತ್ತಾ ಕೂರಬೇಡಿ, ಏಸಿ ಹಾಕಿ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ. ಏರು ಹತ್ತುವ ಗಾಡಿಗೆ ಮೊದಲು ದಾರಿ ಬಿಡುವುದು ಘಟ್ಟದ ಪದ್ಧತಿ. ಏನೇ ಆದರೂ ಕತ್ತಲಾಗುವ ಮುನ್ನ ತಲುಪಿಬಿಡಿ.

ಅಲ್ಲಿ ನೋಡುವುದು

ದಿನಕ್ಕೆ ಎರಡು ಜಾಗ ಸಾಕು. ಬೆಳಗ್ಗೆ ಒಂದು, ಮಳೆ ಬಿಟ್ಟರೆ ಸಂಜೆ ಒಂದು. ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತ ಮಳೆ ನೋಡಿ. ಹೋಗಿರುವುದೇ ಅದಕ್ಕೆ.

ಪೇಟೆಯೊಳಗೆ ಕೋಟೆ ಇದೆ. ಒಳಗೆ ಗಾರೆಯಿಂದ ಮಾಡಿದ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ಎತ್ತರ. ಅಲ್ಲಿನ ಹಳೆ ಚರ್ಚು ಈಗ ಮ್ಯೂಸಿಯಂ. ಹತ್ತಿರದಲ್ಲೇ ಓಂಕಾರೇಶ್ವರ ದೇವಸ್ಥಾನ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ನಾಲ್ಕು ಮೂಲೆಗೆ ಮಿನಾರು, ನಡುವೆ ಗುಮ್ಮಟ, ಎದುರಿಗೆ ಕೊಳ. ಹಿರಿಯರಿಗೆ ಇವೆರಡೂ ಹೇಳಿ ಮಾಡಿಸಿದ ಜಾಗ, ಹೆಚ್ಚು ನಡೆಯಬೇಕಿಲ್ಲ.

ಕಣಿವೆ ನೋಡಲು ಹೋಗುವ ರಾಜಾಸೀಟಿನಲ್ಲಿ ಒಂದು ಮಾತು ನೆನಪಿಡಿ. ಹೋದ ಕೂಡಲೇ ಎದುರಿಗೆ ಬರೀ ಮಂಜಿನ ಬಿಳಿ ಗೋಡೆ. ಬಹಳ ಜನ ಒಂದು ಸೆಲ್ಫಿ ತೆಗೆದು 'ಏನೂ ಕಾಣಿಸಲ್ಲ' ಎಂದು ಹೊರಟುಬಿಡುತ್ತಾರೆ. ಹೊರಡಬೇಡಿ, ಕೂತಿರಿ. ಗಾಳಿ ಬೀಸಿದಾಗ ಮೊದಲು ಕೆಳಗಿನ ಒಂದು ಗದ್ದೆ ಕಾಣಿಸುತ್ತದೆ, ಆಮೇಲೆ ರಸ್ತೆಯ ಒಂದು ತಿರುವು, ಆಮೇಲೆ ಬೆಟ್ಟದ ಸಾಲು. ಎಣಿಸಿ ಮುಗಿಸುವುದರೊಳಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ಮುಂದೆ ಯಾವುದು ಕಾಣುತ್ತದೆ ಎಂದು ಮಕ್ಕಳಿಗೆ ಪಂದ್ಯ ಕಟ್ಟಿಸಿ, ಎದ್ದು ಬರುವುದೇ ಇಲ್ಲ.

ಅಬ್ಬಿ ಜಲಪಾತ ಪೇಟೆಯಿಂದ ಸುಮಾರು 8 ಕಿಲೋಮೀಟರ್. ಬೆಳಗ್ಗೆ ಬೇಗ ಹೋಗಿ. ಕಾಫಿ ತೋಟದ ನಡುವೆ ಮೆಟ್ಟಿಲು ಇಳಿಯಬೇಕು, ಬರುವಾಗ ಅಷ್ಟನ್ನೂ ಹತ್ತಬೇಕು. ಮಂಡಿನೋವಿರುವವರು ಮೇಲೆಯೇ ಇರಲಿ, ಅವರ ಜೊತೆ ಒಬ್ಬರು ಕುಳಿತುಕೊಳ್ಳಿ. ಕೆಳಗೆ ಮಳೆ ಇಲ್ಲದಿದ್ದರೂ ನೀರಿನ ಹನಿ ಹಾರಿ ಮುಖವೆಲ್ಲ ಒದ್ದೆಯಾಗುತ್ತದೆ. ನೀರಿಗೆ ಇಳಿಯುವುದು ನಿಷಿದ್ಧ, ಬಂಡೆ ಹತ್ತಲು ಮಕ್ಕಳನ್ನು ಬಿಡಲೇಬೇಡಿ.

ಬೆಟ್ಟದ ಮೇಲಿನ ಮಾಂದಲ್‌ಪಟ್ಟಿಗೆ ಜೀಪು ಸಿಗುತ್ತದೆ. ರಸ್ತೆ ಬೆನ್ನು ಮುರಿಯುವಂಥದ್ದು. ಕೂಸು, ಬಸುರಿ, ಮುದುಕರು ಇದ್ದರೆ ಬೇಡ.

ಮಳೆ ಹದವಾಗಿದ್ದ ದಿನ ಭಾಗಮಂಡಲ, ತಲಕಾವೇರಿ. ಮಡಿಕೇರಿಯಿಂದ ತಲಕಾವೇರಿಗೆ ಸುಮಾರು 44 ಕಿಲೋಮೀಟರ್. ಭಾಗಮಂಡಲದಲ್ಲಿ ಕಾವೇರಿಗೆ ಕನ್ನಿಕೆ ಸೇರುತ್ತಾಳೆ, ಕಣ್ಣಿಗೆ ಕಾಣದ ಸುಜ್ಯೋತಿಯೂ ಸೇರುತ್ತಾಳೆ ಎಂಬುದು ನಂಬಿಕೆ. ಜೋರು ಮಳೆಗೆ ಸಂಗಮ ಉಕ್ಕಿ ಊರಿನ ರಸ್ತೆಗೇ ನೀರು ಬರುತ್ತದೆ, ಆಗ ಹೋಗಬೇಡಿ. ತಲಕಾವೇರಿಯಲ್ಲಿ ಕಾವೇರಿ ಹುಟ್ಟುವ ಪುಟ್ಟ ಕುಂಡಿಕೆ ತೋರಿಸಿ ಮಕ್ಕಳಿಗೆ ಹೇಳಿ: ಈ ನೀರು ಕೆಆರ್‌ಎಸ್‌ಗೆ ಹೋಗುತ್ತದೆ, ಅಲ್ಲಿಂದ ಮುಂದೆ ಹರಿದು ತೊರೆಕಾಡನಹಳ್ಳಿಯ ಪಂಪುಗಳಿಂದ ಬೆಂಗಳೂರಿನ ನಮ್ಮ ನಲ್ಲಿಗೆ ಬರುತ್ತದೆ. ಇದನ್ನು ಅಲ್ಲೇ ನಿಂತು ಕೇಳಿದರೆ ಮಕ್ಕಳು ಮರೆಯುವುದಿಲ್ಲ.

ಮಳೆ ಜೋರಾದರೆ ಪೂರ್ವಕ್ಕೆ ಇಳಿಯಿರಿ. ಕುಶಾಲನಗರದ ಕಾವೇರಿ ನಿಸರ್ಗಧಾಮ, ದುಬಾರೆ ಆನೆ ಶಿಬಿರ ಎರಡೂ ಹೊಳೆಯ ಆಚೆಗಿವೆ. ನೀರು ಏರಿದರೆ ಮುಚ್ಚುತ್ತಾರೆ, ಹೋಗುವ ಮೊದಲು ವಿಚಾರಿಸಿ. ಬೈಲುಕುಪ್ಪೆಯ ಟಿಬೆಟನ್ ಬೌದ್ಧರ ನಮ್‌ಡ್ರೋಲಿಂಗ್ ಮಠಕ್ಕೆ ಆ ತೊಂದರೆ ಇಲ್ಲ. ವಿಶಾಲವಾದ ಒಳಾಂಗಣ, ಮೂರು ದೊಡ್ಡ ಬಂಗಾರದ ಬಣ್ಣದ ಮೂರ್ತಿಗಳು, ಗೋಡೆ ತುಂಬ ಚಿತ್ರಗಳು. ಹೊರಗೆ ಎಷ್ಟು ಸುರಿದರೂ ಒಳಗೆ ಒಂದು ಗಂಟೆ ಆರಾಮಾಗಿ ಕೂರಬಹುದು.

ಊಟ

ಹೋಟೆಲಿನ ಗೋಬಿ ಮಂಚೂರಿಗೆ ಅಷ್ಟು ದೂರ ಹೋಗಬೇಕಿಲ್ಲ. ಹೋಮ್‌ಸ್ಟೇಯವರಿಗೆ ಮೊದಲೇ ಹೇಳಿ ಕೊಡವರ ಅಡುಗೆ ಮಾಡಿಸಿಕೊಳ್ಳಿ. ಅಕ್ಕಿ ತರಿಯ ಉಂಡೆಗಳನ್ನು ಹಬೆಯಲ್ಲಿ ಬೇಯಿಸಿದ ಕಡಂಬುಟ್ಟು, ಶ್ಯಾವಿಗೆಯಂಥ ನೂಪುಟ್ಟು, ಅಕ್ಕಿ ಒಟ್ಟಿ. ಮಾಂಸ ತಿನ್ನುವವರಿಗೆ ಹಂದಿ ಮಾಂಸದ ಪಂದಿಕರಿ. ಅದರ ಕಪ್ಪು ಬಣ್ಣ, ಹುಳಿ ಎರಡಕ್ಕೂ ಕಾರಣ ಕಾಚಂಪುಳಿ. ಹಣ್ಣಿನ ರಸವನ್ನು ಕಾಯಿಸಿ ಇಳಿಸಿದ ಗಟ್ಟಿ ಹುಳಿ ಅದು, ಇಡೀ ಪಾತ್ರೆಗೆ ಒಂದೆರಡು ಚಮಚ ಸಾಕು. ಸಸ್ಯಾಹಾರಿಗಳಿಗೆ ಮಳೆಗಾಲವೇ ಸುಗ್ಗಿ: ಕಣಿಲೆ (ಎಳೆ ಬಿದಿರು) ಪಲ್ಯ, ಅಣಬೆ ಸಾರು. ಆಗಸ್ಟ್ 3ರ ಸುಮಾರಿಗೆ, ಕೊಡವರ ಕಕ್ಕಡ ತಿಂಗಳ 18ರಂದು ಅಲ್ಲಿದ್ದರೆ ಮದ್ದು ಸೊಪ್ಪಿನ ಪಾಯಸ ಕೇಳಿ ತಿನ್ನಿ. ಬಣ್ಣ ಕಡು ನೇರಳೆ. ಮಾರನೆಯ ದಿನ ಮೂತ್ರ ಕೆಂಪಾದರೆ ಹೆದರಬೇಡಿ, ಅದು ಆ ಸೊಪ್ಪಿನ ಬಣ್ಣ.

ಜಿಗಣೆ ಹತ್ತಿದರೆ

ಹತ್ತೇ ಹತ್ತುತ್ತದೆ. ಎಳೆದು ಕೀಳಬೇಡಿ. ಜಿಗಣೆಗೆ ಎರಡು ತುದಿಯಲ್ಲೂ ಬಾಯಿಯ ಹಾಗೆ ಹಿಡಿತವಿರುತ್ತದೆ. ಸಣ್ಣ ತುದಿಯ ಪಕ್ಕ ಉಗುರನ್ನು ಚರ್ಮಕ್ಕೆ ಒತ್ತಿ ಜಾರಿಸಿದರೆ ಅದು ಬಿಡುತ್ತದೆ, ಆಮೇಲೆ ದಪ್ಪ ತುದಿಯನ್ನು ಬಿಡಿಸಿ. ಸೋಪು ನೀರಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಎಂಜಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಗಾಬರಿ ಬೇಡ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ಹಿರಿಯರನ್ನು ಮಾತ್ರ ಹುಲ್ಲು, ತರಗೆಲೆ ಇರುವ ಕಡೆ ಓಡಾಡಿಸಬೇಡಿ.

ವಾಪಸ್ ಬರುವುದು

ಬೆಳಗ್ಗೆ ತಿಂಡಿ ಮುಗಿಸಿ ಹೊರಡಿ. ಭಾನುವಾರ ಸಂಜೆ ಕೆಂಗೇರಿ ಹತ್ತಿರ ಬಂದರೆ ಇಡೀ ಊರೇ ನಿಮ್ಮ ಮುಂದೆ ಇರುತ್ತದೆ, ನಾಲ್ಕು ಗಂಟೆಯೊಳಗೆ ದಾಟುವ ಹಾಗೆ ನೋಡಿಕೊಳ್ಳಿ. ದಾರಿಯಲ್ಲಿ ಮರ ಬಿದ್ದಿದ್ದರೆ, ಮಣ್ಣು ಜರಿದಿದ್ದರೆ ಒಳದಾರಿ ಹುಡುಕಲು ಹೋಗಬೇಡಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077, ತುರ್ತಿಗೆ 112. ಮನೆ ತಲುಪಿದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಬ್ಯಾಗಿನಿಂದ ರೈನ್‌ಕೋಟು, ಶೂ ಹೊರಗೆ ತೆಗೆದು ಹರವಿ. ಹಾಗೇ ಬಿಟ್ಟರೆ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ.