ನೈಟ್ ಬಸ್ಸಿನಲ್ಲಿ ಊರಿಗೆ ಹೋದ ಕೆಲಸ

ಪುಣೆಯ ಭೋಸರಿಯಲ್ಲಿ ಯಾರಾದರೂ ನನ್ನ ಕೈಗೆ ಒಂದು ಪಾರ್ಟ್ ಕೊಟ್ಟು, "ಇದನ್ನು ನಿಮ್ಮ ಊರಲ್ಲಿ ಮಾಡಿಸಬಹುದಾ?" ಎಂದು ಕೇಳಿದರೆ ನಾನು ಮೊದಲು ಅದನ್ನು ತೂಗುತ್ತೇನೆ. ಡ್ರಾಯಿಂಗ್ ನೋಡುವುದು ಆಮೇಲೆ. ಈ ಅಭ್ಯಾಸ ಬರಲು ನನಗೆ ಒಂದೂವರೆ ವರ್ಷ ಮತ್ತು ಸುಮಾರು ನಾಲ್ಕು ಲಕ್ಷ ರೂಪಾಯಿ ಬೇಕಾಯಿತು.

ನಾನು ವಿಜಯಪುರ ಜಿಲ್ಲೆ ಇಂಡಿ ತಾಲೂಕಿನವನು. ಐಟಿಐ ಟರ್ನರ್ ಮುಗಿಸಿ ಪುಣೆಗೆ ಬಂದೆ. ಹನ್ನೆರಡು ವರ್ಷ ಬೇರೆಯವರ ಲೇತ್ ಮೇಲೆ, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಮೆಷಿನ್ ಮೇಲೆ ನಿಂತೆ. ಆಮೇಲೆ ಭೋಸರಿ ಎಂಐಡಿಸಿ ಎಂಬ ಸರ್ಕಾರಿ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆಗೆ ಒಂದು ಸಣ್ಣ ಗಾಳಾ (ವರ್ಕ್‌ಶಾಪಿನ ಮಳಿಗೆ) ಹಿಡಿದು ಎರಡು ಮೆಷಿನ್ ಹಾಕಿಕೊಂಡೆ. ಇಲ್ಲಿನ ಚಹಾ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಎಲ್ಲರದೂ ಒಂದೇ ಆಸೆ. ಊರಲ್ಲೇ ಏನಾದರೂ ಮಾಡಬೇಕು.

ನಾನು 2019ರಲ್ಲಿ ಮಾಡಿದೆ. ಒಂದು ಹಳೆಯ ಲೇತ್ ಅನ್ನು ಲಾರಿಗೆ ಹಾಕಿಸಿ ಊರಿಗೆ ಕಳಿಸಿದೆ. ಮನೆಯ ಪಕ್ಕದ ಜಾಗದಲ್ಲಿ ತಗಡಿನ ಶೆಡ್ ಎದ್ದಿತು. ಇಲ್ಲಿಂದ ಎರಕದ ಕಬ್ಬಿಣದ ಫ್ಲ್ಯಾಂಜ್ (ಪೈಪ್ ಜೋಡಿಸುವ ದುಂಡನೆಯ ತಟ್ಟೆ) ಕಳಿಸುವುದು, ಅಲ್ಲಿ ಟರ್ನಿಂಗ್, ಅಂದರೆ ಲೇತಿನಲ್ಲಿ ಕಡೆಯುವ ಕೆಲಸ ಮಾಡಿಸಿ ವಾಪಸ್ ತರಿಸುವುದು. ಅಲ್ಲಿ ಶೆಡ್ಡಿಗೆ ಬಾಡಿಗೆ ಇಲ್ಲ, ಕೂಲಿ ಕಡಿಮೆ, ಆದ್ದರಿಂದ ಲಾಭ ಇದ್ದೇ ಇರುತ್ತದೆ ಎಂದುಕೊಂಡಿದ್ದೆ.

ಒಂದು ಫ್ಲ್ಯಾಂಜ್ ಆರು ಕಿಲೋ. ಟರ್ನಿಂಗಿಗೆ ಸಿಗುತ್ತಿದ್ದದ್ದು 38 ರೂಪಾಯಿ. ಅಂದರೆ ಕಿಲೋಗೆ ಆರು ರೂಪಾಯಿ ಚಿಲ್ಲರೆ. ಪುಣೆಯಿಂದ ಸೋಲಾಪುರದ ಮೇಲೆ ಇಂಡಿಗೆ ಮುನ್ನೂರು ಕಿಲೋಮೀಟರ್ ದಾಟುತ್ತದೆ. ಹೋಗಿ ಬರುವ ಬಾಡಿಗೆ, ಎರಡೂ ಕಡೆಯ ಹಮಾಲಿ ಸೇರಿ ಕಿಲೋಗೆ ಮೂರು ರೂಪಾಯಿಗಿಂತ ಜಾಸ್ತಿ ಬೀಳುತ್ತಿತ್ತು. ಸಿಕ್ಕ ದುಡ್ಡಿನಲ್ಲಿ ಅರ್ಧ ರಸ್ತೆಯ ಮೇಲೇ ಹೋಯಿತು. ಕರೆಂಟಿನ ತೊಂದರೆ ಬೇರೆ. ಹೊಲದ ಲೈನಿನಲ್ಲಿ ತ್ರೀ ಫೇಸ್ ಬರುವುದು ಪಂಪ್‌ಸೆಟ್ಟಿನ ಹೊತ್ತಿಗೆ, ದಿನಕ್ಕೆ ಏಳು ಗಂಟೆ. ಕಾರ್ಖಾನೆಗೆ ಬೇರೆ ಕನೆಕ್ಷನ್ ತೆಗೆದುಕೊಳ್ಳಬೇಕು. ಒಂದು ಲೇತಿಗಾಗಿ ಅಷ್ಟು ಖರ್ಚು ಗಿಟ್ಟಲಿಲ್ಲ. 2020ರ ಲಾಕ್‌ಡೌನ್‌ಗೆ ಮೊದಲೇ ಆ ಶೆಡ್ಡಿನ ಬಾಗಿಲು ಹಾಕಿದೆ.

ಆ ದಿನಗಳಲ್ಲಿ ನಾನು ಲಕ್ಷ್ಮಣರಾವ್ ಕಿರ್ಲೋಸ್ಕರರ ಬಗ್ಗೆ ಬಹಳ ಯೋಚಿಸುತ್ತಿದ್ದೆ. ಅವರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಅಲ್ಲಿನ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟರು. 1910ರಲ್ಲಿ ಅವರು ಕಾರ್ಖಾನೆ ಕಟ್ಟಿದ್ದು ಕಳ್ಳಿ ಬೆಳೆದ ಬರಡು ನೆಲದಲ್ಲಿ. ಅದೇ ಈಗಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರ್‌ವಾಡಿ. ಈ ಕಥೆ ಹೇಳುವವರು ಕಳ್ಳಿಯನ್ನೂ ಹಾವುಗಳನ್ನೂ ಹೇಳುತ್ತಾರೆ. ನನಗೆ ಮುಖ್ಯ ಅನಿಸಿದ್ದು ಬೇರೆ. ಆ ಬರಡು ನೆಲದ ಮಗ್ಗುಲಲ್ಲೇ ಕುಂಡಲ್ ರೋಡ್ ರೈಲ್ವೆ ಸ್ಟೇಷನ್ ಇತ್ತು. ಕಬ್ಬಿಣ ಒಳಗೆ ಬರಲು, ನೇಗಿಲು ಹೊರಗೆ ಹೋಗಲು ದಾರಿ ಇತ್ತು. ನನ್ನ ಶೆಡ್ಡಿಗೆ ಅಂಥ ದಾರಿ ಯಾವುದು? ನಮ್ಮ ಕಡೆಗೆ ದಿನಾ ತಪ್ಪದೆ ಬರುವುದು ಒಂದೇ, ಪುಣೆಯಿಂದ ಹೊರಡುವ ನೈಟ್ ಬಸ್ಸು. ಹಾಗಾದರೆ ಬಸ್ಸಿನ ಡಿಕ್ಕಿಯಲ್ಲಿ ಹಿಡಿಸುವ ಕೆಲಸ ಹುಡುಕಬೇಕು.

ಅದು ಸಿಕ್ಕಿದ್ದು ನನ್ನ ಗಾಳಾದ ಹಿಂದಿನ ಸಾಲಿನಲ್ಲಿ. ಅಲ್ಲೊಂದು ರಬ್ಬರ್ ಮೋಲ್ಡಿಂಗ್ ವರ್ಕ್‌ಶಾಪ್ ಇದೆ. ಗಾಡಿಗಳ ವೈರ್ ಹಾದುಹೋಗುವ ತೂತಿಗೆ ಹಾಕುವ ಗ್ರೊಮೆಟ್ ಮಾಡುತ್ತಾರೆ. ಡೈಯಿಂದ, ಅಂದರೆ ಅಚ್ಚಿನಿಂದ ತೆಗೆದಾಗ ಅಂಚಿನ ಸುತ್ತ ತೆಳ್ಳಗೆ ರಬ್ಬರ್ ಪದರ ಉಳಿದಿರುತ್ತದೆ. ಪಡ್ಡು ಹೊಯ್ದಾಗ ಹಿಟ್ಟು ಗುಳಿಯಿಂದ ಹೊರಗೆ ಹರಡಿ ಗರಿಗರಿ ಆಗುತ್ತದಲ್ವಾ, ಹಾಗೆ. ಇದಕ್ಕೆ ಫ್ಲ್ಯಾಶ್ ಎನ್ನುತ್ತಾರೆ. ಅದನ್ನು ಕತ್ತರಿಯಿಂದ ಒಂದೊಂದಾಗಿ ತೆಗೆಯಬೇಕು. ದ್ರವ ನೈಟ್ರೋಜನ್‌ನಲ್ಲಿ ಗಡುಸು ಮಾಡಿ ಉದುರಿಸುವ ಮೆಷಿನ್ ಇದೆ, ದೊಡ್ಡ ಲಾಟಿಗೆ ಅದು ಸರಿ. ಹತ್ತು ತರಹದ ಪಾರ್ಟ್, ಸಣ್ಣ ಸಣ್ಣ ಲಾಟ್ ಇದ್ದರೆ ಕತ್ತರಿಯೇ ಅಗ್ಗ. ಮಾಲೀಕರು ಕೆಲಸದವರು ಸಿಗದೆ ಕಷ್ಟದಲ್ಲಿದ್ದರು.

ನಾನು ಒಂದು ಗ್ರೊಮೆಟ್ ತೂಗಿದೆ. ಎಂಟು ಗ್ರಾಂ. ಕಿಲೋಗೆ 125 ಬರುತ್ತವೆ. ಈಗಿನ ದರ ಒಂದಕ್ಕೆ 65 ಪೈಸೆ. ಅಂದರೆ ಕಿಲೋಗೆ 81 ರೂಪಾಯಿ ಕೂಲಿ. ಬಸ್ಸಿನ ಲಗೇಜ್ 30 ಕಿಲೋ ಚೀಲಕ್ಕೆ 120 ರೂಪಾಯಿ, ಹೋಗಿ ಬಂದರೆ ಕಿಲೋಗೆ ಎಂಟು. ಫ್ಲ್ಯಾಂಜಿನಲ್ಲಿ ಅರ್ಧ ದುಡ್ಡು ತಿಂದಿದ್ದ ರಸ್ತೆ ಇಲ್ಲಿ ಹತ್ತರಲ್ಲಿ ಒಂದು ಪಾಲು ತಿನ್ನುತ್ತದೆ. ಊರಿಗೆ ಒಯ್ಯುವ ಕೆಲಸದಲ್ಲಿ ತೂಕ ಕಡಿಮೆ ಇರಬೇಕು, ಕೈಕೆಲಸ ಜಾಸ್ತಿ ಇರಬೇಕು. ನಾನು ಕಲಿತದ್ದು ಇಷ್ಟೇ. ಆದರೆ ಮೊದಲೇ ಯಾರಾದರೂ ಹೇಳಿದ್ದರೆ ನನ್ನ ನಾಲ್ಕು ಲಕ್ಷ ಉಳಿಯುತ್ತಿತ್ತು.

2021ರಲ್ಲಿ ನನ್ನ ತಂಗಿ ಆ ಮುಚ್ಚಿದ ಶೆಡ್ಡನ್ನು ತೆರೆದಳು. ಅವಳು ಊರಲ್ಲೇ ಇರುವವಳು, ಪಿಯುಸಿವರೆಗೆ ಓದಿದ್ದಾಳೆ. ಮೊದಲು ಆರು ಹೆಣ್ಣುಮಕ್ಕಳು ಬಂದರು. ಒಬ್ಬ ದೊಡ್ಡವ್ವ ಕರಿ ರಬ್ಬರನ್ನು ಕೈಯಲ್ಲಿ ತಿರುಗಿಸಿ ನೋಡಿ, "ಏ ತಮ್ಮಾ, ಇಷ್ಟ ಸಣ್ಣದನ್ನ ಕತ್ತರಸಾಕ ರೊಕ್ಕ ಕೊಡ್ತಾರೇನು?" ಎಂದು ಕೇಳಿದರು. ಕೊಡುತ್ತಾರೆ ದೊಡ್ಡವ್ವ, ಆದರೆ ಒಂದೂ ಕಚ್ಚು ಬೀಳಬಾರದು ಎಂದೆ. ಅವರು ಮೂವತ್ತು ವರ್ಷ ಕೌದಿ ಹೊಲಿದ ಕೈಯವರು. ಎರಡನೇ ದಿನಕ್ಕೆ ಅವರ ಕತ್ತರಿ ಅಂಚಿನ ಸುತ್ತ ಒಂದೇ ಓಟದಲ್ಲಿ ತಿರುಗುತ್ತಿತ್ತು. ಹಳ್ಳಿಯಲ್ಲಿ ಕೌಶಲ ಇಲ್ಲ ಎಂದು ಪುಣೆಯಲ್ಲಿ ಎಷ್ಟೋ ಜನ ನನಗೆ ಹೇಳಿದ್ದಾರೆ. ಕೌದಿ ಹೊಲಿಯುವ ಕೈಯನ್ನು ಅವರು ನೋಡಿಲ್ಲ.

ಕಷ್ಟ ಬಂದದ್ದು ಕೈಯಿಂದಲ್ಲ, ಬೆಳಕಿನಿಂದ. ಕರಿ ರಬ್ಬರಿನ ಮೇಲೆ ಕರಿ ಫ್ಲ್ಯಾಶ್ ಕಾಣುವುದಿಲ್ಲ. ಮೊದಲ ತಿಂಗಳು ನೂರಕ್ಕೆ ಏಳೆಂಟು ವಾಪಸ್ ಬಂದವು. ಮೇಜಿನ ಮೇಲೆ ಬಿಳಿ ಶೀಟ್ ಹಾಸಿದೆವು, ಪ್ರತಿಯೊಬ್ಬರ ಎಡಗಡೆ ಒಂದು ಎಲ್‌ಇಡಿ ಪಟ್ಟಿ ಕಟ್ಟಿದೆವು. ಇನ್ವರ್ಟರ್ ಇಟ್ಟೆವು, ಈ ಕೆಲಸಕ್ಕೆ ಸಿಂಗಲ್ ಫೇಸ್ ಸಾಕು. ಗೋಡೆಗೆ ಒಂದು ಹಲಗೆ ಹೊಡೆದು ಒಳ್ಳೆಯ ಪಾರ್ಟ್, ಕೆಟ್ಟ ಪಾರ್ಟ್, ಇಷ್ಟು ಉಳಿದರೆ ನಡೆಯುತ್ತದೆ ಎನ್ನುವ ಪಾರ್ಟ್, ಮೂರನ್ನೂ ತಂತಿಯಲ್ಲಿ ಪೋಣಿಸಿ ತೂಗುಹಾಕಿದೆವು. ಓದು ಬರದವರಿಗೂ ಅದು ಅರ್ಥವಾಗುತ್ತದೆ. ಕತ್ತರಿಗೆ ವಾರಕ್ಕೊಮ್ಮೆ ಸಾಣೆ. ಮೊಂಡಾದ ಕತ್ತರಿ ರಬ್ಬರನ್ನು ಕತ್ತರಿಸುವುದಿಲ್ಲ, ಜಗ್ಗುತ್ತದೆ. ಮೂರು ತಿಂಗಳಲ್ಲಿ ವಾಪಸ್ ಬರುವುದು ನೂರಕ್ಕೆ ಒಂದಕ್ಕಿಂತ ಕೆಳಗೆ ಇಳಿಯಿತು.

ಒಂದು ಸಲ ದೊಡ್ಡ ಪೆಟ್ಟು ತಿಂದೆವು. ಎರಡು ಗ್ರೊಮೆಟ್, ಒಳಗಿನ ತೂತು ಒಂದರಲ್ಲಿ 9 ಮಿಲಿಮೀಟರ್, ಇನ್ನೊಂದರಲ್ಲಿ 10. ಕಣ್ಣಿಗೆ ಒಂದೇ. ಒಂದೇ ಚೀಲದಲ್ಲಿ ಎರಡು ಪೊಟ್ಟಣ ಮಾಡಿ ಕಳಿಸಿದ್ದೆ, ಅಲ್ಲಿ ಕಲೆತುಹೋದವು. ಮಾಲು ನಮ್ಮ ರಬ್ಬರ್ ಮಾಲೀಕರನ್ನು ದಾಟಿ ಅವರ ಗಿರಾಕಿಯ ಅಸೆಂಬ್ಲಿ ಲೈನಿಗೆ ಹೋಗಿ ಅಲ್ಲಿ ಸಿಕ್ಕಿಬಿತ್ತು. ಹನ್ನೊಂದು ಸಾವಿರ ಪೀಸ್ ವಾಪಸ್. ಮಾಲೀಕರು ಕೂಗಾಡಲಿಲ್ಲ. "ಪುನ್ಹಾ ಅಸಂ ಹೋಊ ನಯೇ," ಮತ್ತೆ ಹೀಗಾಗಬಾರದು ಎಂದಷ್ಟೇ ಹೇಳಿದರು. ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರು ದಿನ ನಾನೂ ನನ್ನ ಹುಡುಗರೂ ಭೋಸರಿಯಲ್ಲೇ ಕೂತು ಒಂದೊಂದನ್ನೂ ತೂತಿನ ಅಳತೆ ನೋಡುವ ಗೇಜಿಗೆ ಹಾಕಿ ಬೇರೆ ಮಾಡಿದೆವು. ಅವತ್ತಿನಿಂದ ಒಂದು ಚೀಲಕ್ಕೆ ಒಂದೇ ಪಾರ್ಟ್. ಒಂದು ದಿನಕ್ಕೆ ಶೆಡ್ಡಿನಲ್ಲಿ ಒಂದೇ ಪಾರ್ಟ್. ಒಂದು ಮುಗಿದು ಚೀಲ ಕಟ್ಟಿದ ಮೇಲೆ, ಮೇಜು ಗುಡಿಸಿದ ಮೇಲೇ ಇನ್ನೊಂದು ಚೀಲದ ಬಾಯಿ ಬಿಚ್ಚುವುದು. ಕತ್ತರಿಸಿದ ಫ್ಲ್ಯಾಶ್ ಕೂಡ ವಾಪಸ್ ಕಳಿಸುತ್ತೇವೆ, ಹೋದ ತೂಕ ಬಂದ ತೂಕಕ್ಕೆ ತಾಳೆ ಆಗಬೇಕು.

ಈಗ ಕೂಲಿಯ ಮಾತು. ಹಳ್ಳಿ ಎಂದರೆ ಅಗ್ಗದ ಕೈ ಎಂದುಕೊಂಡು ಬರುವವರು ದಯವಿಟ್ಟು ಬರಬೇಡಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನಮ್ಮಲ್ಲಿ ಸಾಧಾರಣ ಕೈಯವರು ದಿನಕ್ಕೆ ಸಾವಿರ ಪೀಸ್ ಮಾಡುತ್ತಾರೆ. 65 ಪೈಸೆಯಲ್ಲಿ 42 ಪೈಸೆ ಅವರದು, ಅಂದರೆ 420 ರೂಪಾಯಿ. ಆರು ಪೈಸೆ ಚಿಲ್ಲರೆ ಬಸ್ಸಿಗೆ. ಉಳಿದದ್ದರಲ್ಲಿ ಕರೆಂಟು, ಕತ್ತರಿ, ತಂಗಿಯ ಸಂಬಳ, ವಾಪಸ್ ಬಂದ ಮಾಲಿನ ನಷ್ಟ. ಈಗ ಒಂಬತ್ತು ಜನ ಇದ್ದಾರೆ. ನೆರಳಲ್ಲಿ ಕೂತು ಮಾಡುವ ಕೆಲಸ, ಮಧ್ಯಾಹ್ನ ಮನೆಗೆ ಹೋಗಿ ಮಕ್ಕಳಿಗೆ ಊಟ ಹಾಕಿ ಬರಬಹುದು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡದು ಎಂದು ಗೊತ್ತು. ಬೇಸಿಗೆಯಲ್ಲಿ ಬೆಳಗ್ಗೆ ಆರಕ್ಕೇ ಶುರು ಮಾಡುತ್ತೇವೆ, ತಗಡಿನ ಮೇಲೆ ಜೋಳದ ದಂಟು ಹೊದಿಸುತ್ತೇವೆ.

ಇನ್ನು ಸುಗ್ಗಿ. ಪುಣೆಯ ಕಂಪನಿಗಳಿಗೆ ಮಾರ್ಚ್ ಮುಗಿಯುವುದರೊಳಗೆ ಮಾಲು ಬೇಕು, ಆದ್ದರಿಂದ ಫೆಬ್ರವರಿಯಲ್ಲಿ ಆರ್ಡರ್ ಏರುತ್ತದೆ. ನಮ್ಮೂರಲ್ಲಿ ಬಿಳಿಜೋಳದ ಸುಗ್ಗಿಯೂ ಆಗಲೇ. ಜೋಳ ಕೀಳುವುದನ್ನು ಬಿಟ್ಟು ಗ್ರೊಮೆಟ್ ಕತ್ತರಿಸಲು ಬನ್ನಿ ಎಂದು ಕರೆಯುವುದು ತಪ್ಪು. ವರ್ಷದ ರೊಟ್ಟಿ ಅದು. ಮೊದಲ ವರ್ಷ ನಾನು ಕರೆದೆ, ಯಾರೂ ಬರಲಿಲ್ಲ, ನಾನು ಮಾತು ತಪ್ಪಿದವನಾದೆ. ಈಗ ಮಾಲೀಕರಿಗೆ ನವೆಂಬರ್‌ನಲ್ಲೇ ಹೇಳಿಬಿಡುತ್ತೇನೆ. ಅವರು ಡಿಸೆಂಬರ್, ಜನವರಿಯಲ್ಲಿ ಜಾಸ್ತಿ ಮೋಲ್ಡಿಂಗ್ ಮಾಡಿ ಕಳಿಸುತ್ತಾರೆ, ನಾವು ಮುಂಚೆಯೇ ಮುಗಿಸಿ ಇಡುತ್ತೇವೆ. ಎಳ್ಳಮಾವಾಸ್ಯೆಗೆ, ಕಾರಹುಣ್ಣಿಮೆಗೆ ಶೆಡ್ ಬಂದ್. ಇದನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಅವರ ಟೇಬಲ್ ಮೇಲೆ ಇಟ್ಟಿದ್ದೇನೆ.

ಕಾಗದಪತ್ರಕ್ಕೆ ಬಹಳ ಜನ ಹೆದರುತ್ತಾರೆ. ನಾವು ಮಾಡಿದ್ದು ಹೇಳುತ್ತೇನೆ. ಮಾಲು ರಬ್ಬರ್ ಮಾಲೀಕರದೇ, ನಮ್ಮದು ಜಾಬ್ ವರ್ಕ್, ಅಂದರೆ ಬೇರೆಯವರ ಮಾಲಿನ ಮೇಲೆ ಕೂಲಿಗೆ ಕೆಲಸ ಮಾಡಿಕೊಡುವುದು. ಮಾಲು ಡೆಲಿವರಿ ಚಲನ್ (ಮಾಲು ಕಳಿಸಿದ ಚೀಟಿ) ಮೇಲೆ ಹೋಗುತ್ತದೆ. ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ, ಅಂದರೆ ಬೇರೆ ರಾಜ್ಯಕ್ಕೆ ಜಾಬ್ ವರ್ಕ್‌ಗೆ ಕಳಿಸುವಾಗ ಮಾಲಿನ ಬೆಲೆ ಎಷ್ಟೇ ಕಡಿಮೆ ಇದ್ದರೂ ಇ-ವೇ ಬಿಲ್, ಅಂದರೆ ಆನ್‌ಲೈನಿನಲ್ಲಿ ತೆಗೆಯುವ ಸಾಗಣೆ ಚೀಟಿ ಬೇಕು. ಐವತ್ತು ಸಾವಿರದ ಒಳಗಿದ್ದರೆ ಬೇಡ ಎಂದುಕೊಂಡು ಎಷ್ಟೋ ಜನ ದಾರಿಯಲ್ಲಿ ಸಿಕ್ಕಿಬೀಳುತ್ತಾರೆ. ಬಸ್ಸಿನ ನಂಬರ್ ಸಂಜೆ ಗೊತ್ತಾಗುತ್ತದೆ, ಆಗ ಅದನ್ನು ಇ-ವೇ ಬಿಲ್ಲಿನಲ್ಲಿ ತುಂಬುತ್ತೇವೆ. ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು ಎಂಬ ನಿಯಮ ಇದೆ, ನಮ್ಮದು ನಾಲ್ಕೇ ದಿನದಲ್ಲಿ ಬರುತ್ತದೆ. ತಂಗಿಯ ಹೆಸರಲ್ಲಿ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಎಂಬ ಸರ್ಕಾರಿ ನೋಂದಣಿ ಮಾಡಿಸಿದೆವು. ಅದಕ್ಕೆ ಒಂದು ಪೈಸೆಯೂ ಫೀ ಇಲ್ಲ. ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಆಗುತ್ತದೆ. ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ.

ಈ ನೋಂದಣಿಯ ಬೆಲೆ ನನಗೆ ಗೊತ್ತಾದದ್ದು ದುಡ್ಡು ನಿಂತಾಗ. ನಡುವೆ ಒಂದು ಕಂಪನಿಗೆ ಆರು ತಿಂಗಳು ಕೆಲಸ ಮಾಡಿಕೊಟ್ಟೆವು. ಬಿಲ್ ನಾಲ್ಕು ತಿಂಗಳು ಹಿಡಿದಿಟ್ಟರು. ಅಷ್ಟು ದಿನ ಹೆಣ್ಣುಮಕ್ಕಳ ಕೂಲಿಯನ್ನು ನನ್ನ ಗಾಳಾದ ಆದಾಯದಿಂದ ಕೊಟ್ಟೆ. ಶನಿವಾರದ ಕೂಲಿ ಶನಿವಾರವೇ ಅವರ ಕೈ ಸೇರಬೇಕು, ಅದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. 2024ರ ಏಪ್ರಿಲ್‌ನಿಂದ ಇನ್ನೊಂದು ಬಿಗಿ ಬಂದಿದೆ. ಸಣ್ಣವರಿಗೆ ಆ ಗಡುವಿನೊಳಗೆ ಕೊಡದ ದುಡ್ಡನ್ನು, ಕೊಡುವ ವರ್ಷದವರೆಗೆ, ಕಂಪನಿ ಆದಾಯ ತೆರಿಗೆಯಲ್ಲಿ ಖರ್ಚು ಎಂದು ತೋರಿಸುವಂತಿಲ್ಲ. ನಾನು ಉದ್ಯಮ್ ನಂಬರನ್ನು ಪ್ರತಿ ಬಿಲ್ಲಿನ ತಲೆಯ ಮೇಲೆ ದಪ್ಪಗೆ ಹಾಕಿಸಲು ಶುರು ಮಾಡಿದೆ. ಆ ಕಂಪನಿಯ ಲೆಕ್ಕಪತ್ರದವರು ಅದನ್ನು ನೋಡಿದ ಮೇಲೆ ದುಡ್ಡು ಬಂತು.

ಈಗ ತಂಗಿ ಎರಡನೇ ಕೆಲಸಕ್ಕೆ ಕೈ ಹಾಕಿದ್ದಾಳೆ. ವೈರ್ ತುದಿಗೆ ಟರ್ಮಿನಲ್ (ಜೋಡಣೆಯ ಲೋಹದ ತುಣುಕು) ಕೂರಿಸಿ ಒತ್ತುವ ಕ್ರಿಂಪಿಂಗ್. ತಾಮ್ರ ಇದೆ, ರಬ್ಬರಿಗಿಂತ ಭಾರ. ಆದರೆ ತೂಗಿ ನೋಡಿದೆ, ಕಿಲೋಗೆ ಬರುವ ಕೂಲಿ ಬಸ್ಸಿನ ಬಾಡಿಗೆಯ ಆರು ಪಟ್ಟು ಇದೆ. ನಡೆಯುತ್ತದೆ. ಮೆಷಿನ್‌ಗೆ ಪಿಎಂಇಜಿಪಿ ಎಂಬ ಕೇಂದ್ರ ಸರ್ಕಾರದ ಸಾಲ-ಸಬ್ಸಿಡಿ ಯೋಜನೆಯಲ್ಲಿ ಅರ್ಜಿ ಹಾಕಿದ್ದಾಳೆ. ಹಳ್ಳಿಯ ಹೆಣ್ಣುಮಗಳಿಗೆ ಯೋಜನೆಯ ವೆಚ್ಚದಲ್ಲಿ ನೂರಕ್ಕೆ 35 ಸಬ್ಸಿಡಿ, ಕೈಯಿಂದ ಹಾಕಬೇಕಾದದ್ದು ನೂರಕ್ಕೆ ಐದು ಮಾತ್ರ. ಆದರೆ ಆ ಸಬ್ಸಿಡಿ ಕೈಗೆ ಸಿಗುವ ದುಡ್ಡಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತದೆ, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮಾ ಆಗುತ್ತದೆ. ಸಬ್ಸಿಡಿಗಾಗಿ ಕಾರ್ಖಾನೆ ಹಾಕುವವರು ಇದನ್ನು ಮೊದಲು ತಿಳಿದುಕೊಳ್ಳಬೇಕು. ನಮ್ಮ ವರ್ಷದ ಬಿಲ್ 16 ಲಕ್ಷದ ಹತ್ತಿರ ಇದೆ. ಕ್ರಿಂಪಿಂಗ್ ಸೇರಿದರೆ 20 ಲಕ್ಷ ದಾಟುತ್ತದೆ, ಆಗ ಜಿಎಸ್‌ಟಿ ನಂಬರ್ ಬೇಕು. ಅದರ ತಯಾರಿಯೂ ನಡೆದಿದೆ.

ಊರಿಗೆ ಒಯ್ಯಿರಿ ಎಂದು ಹಲವರು ತಂದುಕೊಟ್ಟ ಕೆಲಸಗಳಲ್ಲಿ ಒಂದನ್ನು ತೂಗದೆಯೇ ಬೇಡ ಎಂದೆ. ಪ್ಲೇಟಿಂಗ್, ಅಂದರೆ ಪಾರ್ಟಿಗೆ ಲೋಹದ ಲೇಪ ಕೊಡುವುದು. ಹಗುರವಾದ ಪಾರ್ಟ್, ಒಳ್ಳೆಯ ದರ, ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅದರ ಆಸಿಡ್ ನೀರು ಎಲ್ಲಿಗೆ ಹೋಗುತ್ತದೆ? ನಮ್ಮ ಇಂಡಿಯ ನಿಂಬೆ ಬೋರಿನ ನೀರಿನ ಮೇಲೆ ನಿಂತಿದೆ. ಆ ನಿಂಬೆಗೆ ಜಿಐ (ಊರಿನ ವಿಶೇಷ ಬೆಳೆ ಎಂಬ ಭೌಗೋಳಿಕ ಗುರುತು) ಮಾನ್ಯತೆ ಕೂಡ ಸಿಕ್ಕಿದೆ. ನನ್ನ ಶೆಡ್ಡಿನಿಂದ ಕೂಗಳತೆಯಲ್ಲಿ ನಾಲ್ಕು ಎಕರೆ ನಿಂಬೆ ತೋಟ ಇದೆ, ನಮ್ಮ ದೊಡ್ಡವ್ವನ ಮನೆಯದೇ.

ಕ್ರಿಂಪಿಂಗ್‌ಗೆ ಊರಿನ ಇಬ್ಬರು ಐಟಿಐ ಹುಡುಗಿಯರನ್ನು ಕಳೆದ ತಿಂಗಳು ಭೋಸರಿಗೆ ಕರೆಸಿಕೊಂಡೆ. ನಮ್ಮ ಮನೆಯಲ್ಲೇ ಹದಿನೈದು ದಿನ ಇದ್ದರು. ಟರ್ಮಿನಲ್ ಒತ್ತಿದ ಎತ್ತರವನ್ನು ಮೈಕ್ರೋಮೀಟರಿನಲ್ಲಿ ಅಳೆಯುವುದು, ವೈರ್ ಜಗ್ಗಿ ಎಷ್ಟು ಬಲಕ್ಕೆ ಕಳಚುತ್ತದೆ ಎಂದು ನೋಡುವುದು ಕಲಿತರು. ಹೋಗುವಾಗ ಮಾದರಿ ಹಲಗೆಗೆ ಬೇಕಾದ ಒಳ್ಳೆಯ ಕ್ರಿಂಪ್, ಕೆಟ್ಟ ಕ್ರಿಂಪ್ ಎರಡನ್ನೂ ತಾವೇ ಮಾಡಿ ಡಬ್ಬಿಯಲ್ಲಿ ಹಾಕಿಕೊಂಡು, ರಾತ್ರಿಯ ಬಸ್ಸು ಹತ್ತಿದರು. ಕೆಳಗೆ ಡಿಕ್ಕಿಯಲ್ಲಿ ಅವತ್ತಿನ ಮೂರು ಚೀಲ ಗ್ರೊಮೆಟ್ ಇತ್ತು.